ಹ್ಯುಂಡೈ ಮೋಟಾರ್‌ಸ್ಪೋರ್ಟ್ ಮತ್ತು ಟೂರಿಂಗ್ ಕಾರ್ ರೇಸ್: ನಮ್ಮ ಮಂದಿ ಇದನ್ನು ಯಾಕೆ ನೋಡಬೇಕು?

ಜೇವರ್ಗಿ ರೋಡ್ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಮ್ಮ ಗುಂಪಿನಲ್ಲಿ ರೇಸ್ ಅಂದ್ರೆ ಫಾರ್ಮುಲಾ ಒನ್ ಮಾತೇ ಜಾಸ್ತಿ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಕಾರು ನಮ್ಮ ಸೂಪರ್ ಮಾರ್ಕೆಟ್ ಮುಂದೆ ಎಂದೂ ನಿಲ್ಲೋದಿಲ್ಲ. ಟೂರಿಂಗ್ ಕಾರ್ ರೇಸ್ ಹಾಗಲ್ಲ. ಜನ ದಿನಾ ಓಡಿಸುವ ನಾಲ್ಕು-ಐದು ಬಾಗಿಲಿನ ಕಾರನ್ನೇ ತಗೊಂಡು, ಒಳಗಿನ ಸೀಟು, ಮ್ಯಾಟು ಎಲ್ಲ ಕಿತ್ತು, ಉಕ್ಕಿನ ಪೈಪುಗಳ ಪಂಜರ ಕೂರಿಸಿ ರೇಸಿಗೆ ಇಳಿಸುತ್ತಾರೆ. ಬಾಗಿಲಿಗೆ ಬಾಗಿಲು ಉಜ್ಜಿಕೊಂಡೇ ತಿರುವು ದಾಟುತ್ತಾರೆ. ಕನ್ನಡಿ ಹಾರಿ ಹೋಗುತ್ತದೆ, ಬಂಪರ್ ಜೋತಾಡುತ್ತದೆ, ರೇಸ್ ನಿಲ್ಲೋದಿಲ್ಲ.

ನಾನು ಹೇಳಬೇಕಂತ ಇರೋದು ಹ್ಯುಂಡೈ ಮೋಟಾರ್‌ಸ್ಪೋರ್ಟ್ ಬಗ್ಗೆ. ಕಂಪನಿ ಕೊರಿಯಾದ್ದು, ಆದರೆ ಈ ರೇಸಿಂಗ್ ವಿಭಾಗ ಇರೋದು ಜರ್ಮನಿಯಲ್ಲಿ, ಫ್ರಾಂಕ್‌ಫರ್ಟ್ ಹತ್ತಿರದ ಆಲ್ಜೆನೌ ಅನ್ನೋ ಚಿಕ್ಕ ಊರಲ್ಲಿ. 2012ರ ಡಿಸೆಂಬರ್‌ನಲ್ಲಿ ಶುರುವಾಯಿತು. ಮೊದಲು ಕೈ ಹಾಕಿದ್ದು ರ‍್ಯಾಲಿಗೆ. 2014ರಲ್ಲಿ ಐ20 ಕಾರಿನ ಜೊತೆ ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್‌ಗೆ ಇಳಿದರು, ಅದೇ ವರ್ಷ ಜರ್ಮನಿ ರ‍್ಯಾಲಿ ಗೆದ್ದರು. ಇಷ್ಟು ಬಹಳ ಜನಕ್ಕೆ ಗೊತ್ತು.

ಗೊತ್ತಿಲ್ಲದ್ದು ಮುಂದಿನ ಕತೆ. 2015ರಲ್ಲಿ ಅದೇ ವಿಭಾಗ ಇನ್ನೊಂದು ಕೆಲಸ ಶುರು ಮಾಡಿತು. ರೇಸ್ ಕಾರು ತಯಾರಿಸಿ ಖಾಸಗಿ ತಂಡಗಳಿಗೆ ಮಾರೋದು. 2017ರಲ್ಲಿ ಟಿಸಿಆರ್ (ಖಾಸಗಿ ತಂಡಗಳೂ ಕೊಂಡು ಓಡಿಸಬಹುದಾದ ಟೂರಿಂಗ್ ಕಾರುಗಳ ರೇಸ್) ನಿಯಮಕ್ಕೆ ತಕ್ಕಂತೆ ಐ30 ಎನ್ ಕಾರು ಕಟ್ಟಿದರು. ಎರಡು ಲೀಟರ್ ಟರ್ಬೊ ಎಂಜಿನ್, ಸುಮಾರು 350 ಕುದುರೆ ಶಕ್ತಿ, ಆರು ಗೇರು, ಅದನ್ನ ಬದಲಿಸೋಕೆ ಸ್ಟೀರಿಂಗ್ ಹಿಂದೆ ಪಟ್ಟಿ. ಎಳೆಯೋದು ಮುಂದಿನ ಎರಡೇ ಚಕ್ರ. ಆ ವರ್ಷದ ಅಕ್ಟೋಬರ್‌ನಲ್ಲಿ ಚೀನಾದ ಜೆಜಿಯಾಂಗ್‌ನಲ್ಲಿ ಟಿಸಿಆರ್‌ನ ಅಂತರರಾಷ್ಟ್ರೀಯ ಸರಣಿಗೆ ಮೊದಲ ಸಲ ಬಂತು. ಅಲ್ಲಿನ ಮೊದಲ ರೇಸನ್ನೇ ಇಟಲಿಯ ಚಾಲಕ ಗೇಬ್ರಿಯೆಲೆ ಟಾರ್ಕ್ವಿನಿ ಗೆದ್ದರು.

ನನಗೆ ಈ ವಿಭಾಗ ಇಷ್ಟ ಆಗೋದು ಗೆದ್ದಿದ್ದಕ್ಕಲ್ಲ. ತಾವು ಮಾಡಿದ ಕಾರನ್ನು ಬೇರೆಯವರ ಕೈಗೆ ಕೊಟ್ಟು, ಅವರು ಗೆಲ್ಲುವ ಹಾಗೆ ಹಿಂದೆ ನಿಂತರಲ್ಲ, ಅದಕ್ಕೆ. ನಿಮಗೇನನ್ನಿಸುತ್ತೆ?

ತೊಗರಿ ನಾಡು (ಆಳಂದ)

ಅಣ್ಣಾ, ಚೆನ್ನಾಗಿ ಬರೆದಿದ್ದೀರಿ. ಆದರೆ ನನಗೆ ಒಂದು ಮಾತು ಒಪ್ಪೋಕೆ ಆಗ್ತಿಲ್ಲ. ಕಂಪನಿ ರೇಸಿಗೆ ಇಳಿಯೋದು ಕಾರು ಮಾರೋಕೆ. ಅದರಲ್ಲಿ ದೊಡ್ಡತನ ಏನಿದೆ? ಇನ್ನೊಂದು, ಈ ಟಿಸಿಆರ್‌ನಲ್ಲಿ ಗೆದ್ದ ಕಾರಿಗೆ ಮುಂದಿನ ರೇಸಲ್ಲಿ ಭಾರ ಹೇರುತ್ತಾರೆ, ಎಂಜಿನ್ ಶಕ್ತಿ ಇಳಿಸುತ್ತಾರೆ. ಚೆನ್ನಾಗಿ ಓಡಿದವನ ಕಾಲಿಗೆ ಹಗ್ಗ ಕಟ್ಟಿದ ಮೇಲೆ ಅದನ್ನು ರೇಸ್ ಅಂತ ಯಾಕೆ ಕರೀಬೇಕು?

ಕೋಟೆ ಬಾಗಿಲು (ಬೀದರ್)

ಭಾರ ಹೇರೋ ವಿಷಯಕ್ಕೆ ಆಮೇಲೆ ಬರ್ತೀನಿ. ಮೊದಲು ಹಳೆಯ ಕತೆ ಸ್ವಲ್ಪ ಹೇಳ್ತೀನಿ, ಇಲ್ಲದಿದ್ರೆ ಇದು ಅರ್ಥ ಆಗೋದಿಲ್ಲ.

ಕಾರ್ ಕಂಪನಿಯೊಂದು ರೇಸಿಗೆ ಅಂತಲೇ ಬೇರೆ ಸಂಸ್ಥೆ ಮಾಡೋದಕ್ಕೆ ದೊಡ್ಡ ಉದಾಹರಣೆ ಬಿಎಂಡಬ್ಲ್ಯು ಮೋಟಾರ್‌ಸ್ಪೋರ್ಟ್. 1972ರ ಮೇ ತಿಂಗಳಲ್ಲಿ ಶುರುವಾಯಿತು. ನಡೆಸೋಕೆ ಫೋರ್ಡ್‌ನಿಂದ ಯೋಖೆನ್ ನೀರ್‌ಪಾಶ್ ಅವರನ್ನು ಕರೆತಂದರು. ಅವರ ಮೊದಲ ದೊಡ್ಡ ಕಾರು 3.0 ಸಿಎಸ್‌ಎಲ್. ಹಗುರ ಆಗಲಿ ಅಂತ ಬಾಗಿಲು, ಬಾನೆಟ್ಟು, ಡಿಕ್ಕಿ ಮುಚ್ಚಳ ಅಲ್ಯುಮಿನಿಯಂನಲ್ಲಿ ಮಾಡಿದರು. ಹಿಂದಿನ ದೊಡ್ಡ ರೆಕ್ಕೆಗೆ ಜರ್ಮನಿಯ ರಸ್ತೆಯಲ್ಲಿ ಅನುಮತಿ ಇರಲಿಲ್ಲ. ಹಾಗಾಗಿ ರೆಕ್ಕೆಯನ್ನು ಡಿಕ್ಕಿಯಲ್ಲಿಟ್ಟು ಕಾರು ಮಾರಿದರು, ಕೊಂಡವರು ತಾವೇ ಹಾಕಿಕೊಳ್ಳಬೇಕು. ಆ ಕಾರು 1973ರಲ್ಲಿ ಯುರೋಪಿಯನ್ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್ ಗೆದ್ದಿತು. ಮತ್ತೆ 1975ರಿಂದ 1979ರವರೆಗೆ ಬಿಡದೆ ಪ್ರತಿ ವರ್ಷ ಗೆದ್ದಿತು.

ಆಮೇಲೆ ಬಂದದ್ದು ಎಂ3, 1986ರಲ್ಲಿ. ಆಗಿನ ಗ್ರೂಪ್ ಎ ನಿಯಮ ಏನಂದ್ರೆ, 12 ತಿಂಗಳಲ್ಲಿ 5,000 ಕಾರು ತಯಾರಿಸಬೇಕು, ಆಗ ಮಾತ್ರ ರೇಸಿಗೆ ಬಿಡುತ್ತಾರೆ. ಅಂದ್ರೆ ರೇಸಿಗೆ ಏನು ಬೇಕೋ ಅದನ್ನೆಲ್ಲ ಮಾರುವ ಕಾರಿನಲ್ಲೇ ಇಡಬೇಕು. ಎಂ3 ಫೋಟೋ ಇದ್ರೆ ತೆಗೆದು ನೋಡಿ. ಚಕ್ರದ ಮೇಲಿನ ತಗಡು ಚೌಕಾಕಾರದಲ್ಲಿ ಹೊರಗೆ ಉಬ್ಬಿದೆ, ಒಳಗೆ ಅಗಲದ ಟೈರ್ ಕೂರಲಿ ಅಂತ. ಹಿಂದಿನ ಗಾಜನ್ನು ಸಾಮಾನ್ಯ 3 ಸೀರೀಸ್‌ಗಿಂತ ಹೆಚ್ಚು ಓರೆ ಮಾಡಿದ್ದಾರೆ, ಗಾಳಿ ನೆಟ್ಟಗೆ ಸ್ಪಾಯ್ಲರ್‌ಗೆ ತಾಗಲಿ ಅಂತ. ನೋಡೋಕೆ ಚೆಂದ ಕಾಣಲಿ ಅಂತ ಮಾಡಿದ್ದು ಒಂದೂ ಇಲ್ಲ. 1987ರಲ್ಲಿ ರೊಬೆರ್ಟೊ ರವಾಲಿಯಾ ಅದೇ ಕಾರಿನಲ್ಲಿ ವಿಶ್ವ ಟೂರಿಂಗ್ ಕಾರ್ ಚಾಂಪಿಯನ್ ಆದರು.

ಹ್ಯುಂಡೈಗೆ ಇದಕ್ಕೂ ಏನು ಸಂಬಂಧ ಅಂದ್ರೆ, ಬಿಎಂಡಬ್ಲ್ಯು ಎಂ ವಿಭಾಗದಲ್ಲಿ ಎಂಜಿನಿಯರಿಂಗ್ ನೋಡಿಕೊಳ್ಳುತ್ತಿದ್ದ ಆಲ್ಬರ್ಟ್ ಬೀರ್‌ಮನ್ 2015ರಲ್ಲಿ ಹ್ಯುಂಡೈಗೆ ಬಂದರು. ಹ್ಯುಂಡೈನ ಜೋರು ಓಡುವ ಎನ್ ಕಾರುಗಳು ಅವರ ಕೈಯಲ್ಲಿ ಹದವಾದವು. ರಸ್ತೆಯ ಐ30 ಎನ್ ಮಾರಾಟಕ್ಕೆ ಬರೋ ಮುಂಚೆಯೇ ಅದನ್ನು ಜರ್ಮನಿಯ ನ್ಯೂರ್‌ಬುರ್ಗ್‌ರಿಂಗ್ ಟ್ರ್ಯಾಕ್‌ನ 24 ಗಂಟೆ ರೇಸಿನಲ್ಲಿ ಓಡಿಸಿ ಪರೀಕ್ಷೆ ಮಾಡಿದರು.

ತೊಗರಿ ನಾಡು (ಆಳಂದ)

ಸರ್, ಎಂ3 ಕತೆ ಕೇಳಿ ಖುಷಿಯಾಯಿತು. ಆದರೆ ಭಾರದ ಪ್ರಶ್ನೆ ಹಾಗೇ ಉಳಿಯಿತು.

ಜೇವರ್ಗಿ ರೋಡ್ (ಕಲಬುರಗಿ)

ಅದಕ್ಕೆ ನಾನು ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಯಾರ ಕೈಕಾಲಿಗೂ ಹಗ್ಗ ಕಟ್ಟದೆ ಬಿಟ್ಟಾಗ ಏನಾಯಿತು ಅಂತ ನೋಡೋಣ. ಜಪಾನ್‌ನಲ್ಲಿ 1990ರಿಂದ 1993ರವರೆಗೆ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್‌ನ 29 ರೇಸ್ ಓಡಿತು. 29ನ್ನೂ ಗೆದ್ದಿತು. ನಿಸ್ಸಾನ್‌ನ ರೇಸಿಂಗ್ ವಿಭಾಗ ನಿಸ್ಮೊದ ಎಂಜಿನಿಯರ್‌ಗಳ ಕೆಲಸ ಅದ್ಭುತ, ಎರಡು ಮಾತಿಲ್ಲ. ಆದರೆ ಉಳಿದ ಕಂಪನಿಯವರು ಆ ದರ್ಜೆಗೆ ಕಾರು ಕಟ್ಟಿ ಏನು ಮಾಡಬೇಕು? 1993 ಮುಗಿದ ಮೇಲೆ ಅಲ್ಲಿ ಗ್ರೂಪ್ ಎ ರೇಸೇ ನಿಂತಿತು.

ಈಚಿನ ಉದಾಹರಣೆ ಸಿಟ್ರೊಯೆನ್. 2014ರಲ್ಲಿ ದೊಡ್ಡ ಬಜೆಟ್ ಇಟ್ಟುಕೊಂಡು ವಿಶ್ವ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್‌ಗೆ ಬಂದರು. 2014, 2015, 2016 ಮೂರೂ ವರ್ಷ ಹೊಸೆ ಮರಿಯಾ ಲೋಪೆಜ್ ಚಾಂಪಿಯನ್. ಗೆದ್ದು ಸಾಕಾದ ಮೇಲೆ 2016ರ ಕೊನೆಗೆ ಕಂಪನಿ ಎದ್ದು ಹೋಯಿತು. ರಷ್ಯಾದ ಲಾಡಾ ಕಂಪನಿ ಕೂಡ ಹೋಯಿತು. ಆ ಕಾರುಗಳ ಖರ್ಚು ಎಷ್ಟಿತ್ತಂದ್ರೆ ಖಾಸಗಿ ತಂಡದವರು ತುಂಬೋಕೆ ಆಗ್ತಿರಲಿಲ್ಲ. ದೊಡ್ಡ ಕಂಪನಿ ಬಂದು ಗೆದ್ದು ಹೋದರೆ ಉಳಿಯೋದು ಖಾಲಿ ಮೈದಾನ. ಹಾಗಾಗಿಯೇ 2018ರಿಂದ ವಿಶ್ವ ಮಟ್ಟಕ್ಕೆ ಟಿಸಿಆರ್ ನಿಯಮ ತಂದರು. ಇದನ್ನು ಹುಟ್ಟುಹಾಕಿದವರು ಮಾರ್ಚೆಲ್ಲೊ ಲೊಟ್ಟಿ.

ಟಿಸಿಆರ್‌ನಲ್ಲಿ ಐ30, ಹೋಂಡಾ ಸಿವಿಕ್, ಆಡಿ ಆರ್‌ಎಸ್ 3, ಕುಪ್ರಾ, ಪೂಜೊ 308 ಎಲ್ಲವೂ ಓಡುತ್ತವೆ. ಒಂದು ಹ್ಯಾಚ್‌ಬ್ಯಾಕ್, ಇನ್ನೊಂದು ಸೆಡಾನ್. ಗಾಳಿ ಸೀಳುವ ರೀತಿ ಬೇರೆ, ಮೂತಿಯ ಭಾರ ಬೇರೆ. ಅದಕ್ಕೆ ತೂಕ, ನೆಲದಿಂದ ಎತ್ತರ, ಎಂಜಿನ್ ಶಕ್ತಿ ಈ ಮೂರನ್ನ ಹೊಂದಿಸಿ ಸುಮಾರು ಒಂದೇ ಮಟ್ಟಕ್ಕೆ ತರುತ್ತಾರೆ. ಆಗ ಉಳಿಯೋದು ಚಾಲಕನ ಕೈ, ತಂಡದ ತಲೆ. ಅದು ಕಾಲಿಗೆ ಹಗ್ಗ ಅಲ್ಲ ಅಣ್ಣಾ. ಸಣ್ಣ ತಂಡವೂ ಸಾಲ ಮಾಡಿ ಕಾರು ತಂದರೆ ಗೆಲ್ಲೋ ಆಸೆ ಇಟ್ಟುಕೊಳ್ಳಬಹುದು.

ತೊಗರಿ ನಾಡು (ಆಳಂದ)

ಸಿಟ್ರೊಯೆನ್ ಮಾತು ಒಪ್ಪಿದೆ. ಆದರೆ ಕಾಗದದಲ್ಲಿ ಗ್ರಾಹಕರ ತಂಡ, ಒಳಗೆ ಫ್ಯಾಕ್ಟರಿ ಅನ್ನೋ ಹಾಗೆ ಇರಬಾರದಲ್ವಾ? ಕಂಪನಿಗೆ ಬೇಕಾದ ತಂಡಕ್ಕೆ ಒಳ್ಳೆ ಸಾಮಾನು, ಉಳಿದವರಿಗೆ ಕಾಯಿಸೋದು. ಹಾಗಾಗೋದಿಲ್ಲ ಅಂತ ಹೇಗೆ ನಂಬೋದು?

ಜೇವರ್ಗಿ ರೋಡ್ (ಕಲಬುರಗಿ)

ನಿಮ್ಮ ಪ್ರಶ್ನೆಗೆ 2018ರ ವರ್ಷವೇ ಉತ್ತರ. ಬಿಆರ್‌ಸಿ ತಂಡದಲ್ಲಿ ಟಾರ್ಕ್ವಿನಿ. ಇವಾನ್ ಮುಲ್ಲರ್ ತಮ್ಮದೇ ತಂಡದಲ್ಲಿ. ಇಬ್ಬರ ಕೈಯಲ್ಲೂ ಐ30 ಎನ್. ಇಡೀ ವರ್ಷ ಬಡಿದಾಡಿ ಮಕಾವ್‌ಗೆ ಬಂದರು. ಮಕಾವ್ ಅಂದ್ರೆ ಊರಿನ ರಸ್ತೆಯೇ ಟ್ರ್ಯಾಕ್. ಆರು ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಎರಡೂ ಕಡೆ ಕಬ್ಬಿಣದ ತಡೆ. ಒಂದು ಕಡೆ ತಿರುವು ಎಷ್ಟು ಇಕ್ಕಟ್ಟು ಅಂದ್ರೆ ಕಾರುಗಳು ಸಾಲಾಗಿ ನಡಿಗೆಯ ಹಾಗೆ ಹೋಗ್ತವೆ. ಅಲ್ಲಿ ಲೆಕ್ಕ ಮುಗಿದಾಗ ಟಾರ್ಕ್ವಿನಿ ಚಾಂಪಿಯನ್, ಮುಲ್ಲರ್ ಮೂರೇ ಪಾಯಿಂಟ್ ಹಿಂದೆ. ತಂಡಗಳ ಪ್ರಶಸ್ತಿ ಮಾತ್ರ ಹೋದದ್ದು ಮುಲ್ಲರ್ ತಂಡಕ್ಕೆ. ಒಬ್ಬರಿಗೆ ಒಳ್ಳೆ ಸಾಮಾನು, ಇನ್ನೊಬ್ಬರಿಗೆ ಕಾಯಿಸಿದ್ದಿದ್ರೆ ಅಷ್ಟು ಹತ್ತಿರ ಬರ್ತಿತ್ತಾ?

ಟಾರ್ಕ್ವಿನಿಗೆ ಆಗ 56 ವರ್ಷ. 1994ರಲ್ಲಿ ಬ್ರಿಟಿಷ್ ಟೂರಿಂಗ್ ಕಾರ್ ಚಾಂಪಿಯನ್ ಆದ ಮನುಷ್ಯ, ಆಲ್ಫಾ ರೋಮಿಯೋ 155ರಲ್ಲಿ. 2009ರಲ್ಲಿ ಸಿಯಾಟ್ ಲಿಯಾನ್ ಡೀಸೆಲ್ ಕಾರಲ್ಲಿ ವಿಶ್ವ ಚಾಂಪಿಯನ್. ಇಪ್ಪತ್ತನಾಲ್ಕು ವರ್ಷದ ಅಂತರದಲ್ಲಿ ಬೇರೆ ಬೇರೆ ಕಂಪನಿ, ಬೇರೆ ಬೇರೆ ಎಂಜಿನ್. ಟೂರಿಂಗ್ ಕಾರಲ್ಲಿ ವಯಸ್ಸಾದವರಿಗೂ ಜಾಗ ಇದೆ ಅನ್ನೋದು ನನಗೆ ಬಹಳ ಇಷ್ಟ.

ಮುಂದಿನ ವರ್ಷ, 2019ರಲ್ಲಿ, ಹಂಗೇರಿಯ ನಾರ್ಬರ್ಟ್ ಮಿಶೆಲಿಸ್ ಅದೇ ಐ30ರಲ್ಲಿ ಗೆದ್ದರು. 2022ರಲ್ಲಿ ಸ್ಪೇನ್‌ನ ಮಿಕೆಲ್ ಅಸ್ಕೋನಾ ಹ್ಯುಂಡೈನದೇ ಹೊಸ ಕಾರು ಎಲಾಂಟ್ರಾ ಎನ್‌ನಲ್ಲಿ ಗೆದ್ದರು. ಹೊಸ ಕಾರು ಮಾಡಿದ ಮೇಲೂ ಐ30 ಇಟ್ಟುಕೊಂಡ ತಂಡಗಳು ಊರೂರಲ್ಲಿ ಓಡಿಸ್ತಾನೇ ಇದ್ದವು. ರಾಶಿ ಸಮಯದಲ್ಲಿ ಟ್ರ್ಯಾಕ್ಟರ್ ನಿಂತಾಗ ಬಿಡಿಭಾಗ ಕೊಡುವ ಅಂಗಡಿಯವನ ಬೆಲೆ ನಮಗೆ ಗೊತ್ತಾಗುತ್ತಲ್ಲ, ಈ ವಿಭಾಗದ ಕೆಲಸವೂ ಅಂಥದ್ದೇ. ಶನಿವಾರ ಮುಂದಿನ ಚಕ್ರದ ತೋಳು ಮುರಿದರೆ ಭಾನುವಾರ ಬೆಳಿಗ್ಗೆ ಕಾರು ಸಾಲಲ್ಲಿ ನಿಂತಿರಬೇಕು. ರೇಸ್ ಕಾರು ಮಾರೋದರಲ್ಲಿ ನಿಜವಾದ ಕಷ್ಟ ಇರೋದು ಅಲ್ಲಿ.

ಶಹಾಬಾದ್ ಕಲ್ಲು

ನಾನು ಈ ರೇಸ್ ನೋಡೋಕೆ ಶುರು ಮಾಡಿದ್ದು ಬೇರೆ ಕಾರಣಕ್ಕೆ. ಸ್ವೀಡನ್‌ನ ಜೆಸ್ಸಿಕಾ ಬ್ಯಾಕ್‌ಮನ್ 2021ರ ವಿಶ್ವ ಕಪ್‌ನಲ್ಲಿ ಎಲಾಂಟ್ರಾ ಎನ್ ಓಡಿಸಿದರು, ಅದೇ ತಂಡದಲ್ಲಿ ಅವರ ಅಣ್ಣ ಆಂಡ್ರಿಯಾಸ್. ಅಣ್ಣ-ತಂಗಿ ಒಂದೇ ಪಿಟ್‌ನಲ್ಲಿ (ರೇಸ್ ಕಾರು ಸಜ್ಜು ಮಾಡುವ ಜಾಗ), ಒಂದೇ ತರಹದ ಕಾರಲ್ಲಿ. ಹೆಣ್ಣುಮಕ್ಕಳಿಗೆ ಅಂತ ಬೇರೆ ರೇಸ್ ಇಲ್ಲ, ಎಲ್ಲರ ಜೊತೆಗೇ.

ನನ್ನ ಪ್ರಶ್ನೆ ಇಷ್ಟೇ. ಮುಂದಿನ ಚಕ್ರ ಎಳೆಯುವ ಕಾರು ರೇಸಿಗೆ ಸರಿ ಬರಲ್ಲ ಅಂತ ಕೆಲವರು ಹೇಳ್ತಾರೆ. ನಿಜಾನಾ?

ಗ್ಯಾರೇಜ್ ಕಾಕಾ (ಕಲಬುರಗಿ)

ತಂಗಿ, ನಾನು ಕಾರು ರಿಪೇರಿ ಮಾಡೋನು, ರೇಸ್ ಓಡಿಸಿಲ್ಲ. ಚಕ್ರದ ಲೆಕ್ಕ ಮಾತ್ರ ಗೊತ್ತು. ಮುಂದಿನ ಟೈರಿಗೆ ಮೂರು ಕೆಲಸ: ಎಳೆಯೋದು, ತಿರುಗಿಸೋದು, ಬ್ರೇಕಿನ ಜಾಸ್ತಿ ಪಾಲು ಹೊರೋದು. ಹಾಗಾಗಿ ಮುಂದಿನದು ಬೇಗ ಕಾಯುತ್ತೆ, ಬೇಗ ಸವೆಯುತ್ತೆ. ಹಿಂದಿನ ಟೈರ್ ಸುಮ್ನೆ ಹಿಂಬಾಲಿಸುತ್ತೆ, ಅದಕ್ಕೆ ಶುರುವಿನಲ್ಲಿ ತಣ್ಣಗಿರುತ್ತೆ. ಈ ರೇಸ್ ನೋಡುವಾಗ ಮೊದಲನೇ ಸುತ್ತಲ್ಲಿ ಹಿಂಭಾಗ ಜಾರೋದನ್ನ ಗಮನಿಸಿ. ಆಗ ಹೆದರಿ ಕಾಲು ತೆಗೆದರೆ ಕಾರು ಇನ್ನೂ ಸುತ್ತುತ್ತೆ. ಧೈರ್ಯ ಮಾಡಿ ಆಕ್ಸಿಲರೇಟರ್ ಒತ್ತಬೇಕು, ಮುಂದಿನ ಚಕ್ರ ಎಳೆದು ನೆಟ್ಟಗೆ ಮಾಡುತ್ತೆ. ಸರಿ ಬರಲ್ಲ ಅನ್ನೋದು ಸುಳ್ಳು. ಓಡಿಸೋ ವಿದ್ಯೆ ಬೇರೆ, ಅಷ್ಟೇ.

ಭೀಮಾ ತೀರ (ಯಾದಗಿರಿ)

ಎಲ್ಲರಿಗೂ ನಮಸ್ಕಾರ. ನಾನು ಮೆಕ್ಯಾನಿಕಲ್ ಓದ್ತಿದ್ದೀನಿ. ನಮ್ಮ ಮಾವ ಐ20 ಎನ್ ಲೈನ್ ತಗೊಂಡಿದ್ದಾರೆ. ಇದು ರೇಸ್ ಕಾರಿನ ತಮ್ಮ ಅಂತ ಎಲ್ಲರಿಗೂ ಹೇಳ್ತಾರೆ. ನಿಜಾನಾ ಸರ್?

ಕೋಟೆ ಬಾಗಿಲು (ಬೀದರ್)

ತಮ್ಮಾ, ಎನ್ ಬೇರೆ, ಎನ್ ಲೈನ್ ಬೇರೆ. ಐ20 ಎನ್ ಲೈನ್ ನಮ್ಮಲ್ಲಿ ಬಂದದ್ದು 2021ರಲ್ಲಿ. ಅದರಲ್ಲಿ ಇರೋದು ಮಾಮೂಲಿ ಐ20ಯಲ್ಲಿ ಆಗ ಸಿಗ್ತಿದ್ದ ಅದೇ ಒಂದು ಲೀಟರ್ ಟರ್ಬೊ, 120 ಕುದುರೆ ಶಕ್ತಿ. ಸಸ್ಪೆನ್ಷನ್ ಸ್ವಲ್ಪ ಗಟ್ಟಿ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಸೈಲೆನ್ಸರ್ ಸದ್ದು ಬೇರೆ. ಓಡಿಸೋಕೆ ಖುಷಿ ಕೊಡುವ ಕಾರು. ನಿಜವಾದ ಐ20 ಎನ್‌ನಲ್ಲಿ 1.6 ಲೀಟರ್ ಟರ್ಬೊ, 204 ಕುದುರೆ ಶಕ್ತಿ. ಅದನ್ನು ನಮ್ಮಲ್ಲಿ ಮಾರಲಿಲ್ಲ. ಮಾವನಿಗೆ ಬೇಜಾರು ಮಾಡಬೇಡ, ಒಳ್ಳೆ ಕಾರನ್ನೇ ತಗೊಂಡಿದ್ದಾರೆ.

ಗ್ಯಾರೇಜ್ ಕಾಕಾ (ಕಲಬುರಗಿ)

ಆ ಕಾರಿನ ಬಗ್ಗೆ ಒಂದು ಮಾತು. ಹೋದ ಬೇಸಿಗೆಯಲ್ಲಿ ಒಬ್ಬ ಹುಡುಗ ಟರ್ಬೊ ಕಾರು ತಂದ, ಎಳೆತ ಇಲ್ಲ ಅಂತ. ಯಾವುದೋ ಅಂಗಡಿಯಲ್ಲಿ ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸಿಕೊಂಡಿದ್ದ, ರೇಸ್ ಕಾರಿನ ಹಾಗೆ ಓಡುತ್ತೆ ಅಂದಿದ್ದರಂತೆ. ಮುಂದಿನ ಬಂಪರ್ ಬಿಚ್ಚಿ ಇಂಟರ್‌ಕೂಲರ್ ನೋಡಿದೆ. ಅಲ್ಯುಮಿನಿಯಂ ಪಟ್ಟಿಗಳ ಸಂದಿಯೇ ಕಾಣಲಿಲ್ಲ. ಬೂದು ಬಣ್ಣದ ಸಿಮೆಂಟ್ ಧೂಳು, ಅದರ ಮೇಲೆ ತೊಗರಿ ಹೊಟ್ಟು, ಹುಳ, ಎಲ್ಲ ಸೇರಿ ಹೆಪ್ಪುಗಟ್ಟಿತ್ತು. ಅವನು ದಿನಾ ಸೇಡಂ ಕಡೆ ಸಿಮೆಂಟ್ ಲಾರಿ ಹಿಂದೆ ಓಡಾಡೋನು. ಉಗುರಿನಿಂದ ಕೆರೆದರೆ ಪದರ ಪದರವಾಗಿ ಬಂತು.

ಟರ್ಬೊ ಗಾಳಿಯನ್ನು ಒತ್ತಿದಾಗ ಗಾಳಿ ಬಿಸಿಯಾಗುತ್ತೆ. ಬಿಸಿ ಗಾಳಿಯಲ್ಲಿ ಆಮ್ಲಜನಕ ಕಮ್ಮಿ. ಅದನ್ನು ತಣ್ಣಗೆ ಮಾಡೋದೇ ಇಂಟರ್‌ಕೂಲರ್ ಕೆಲಸ. ನಮ್ಮ ಊರಲ್ಲಿ ಹೊರಗಿನ ಗಾಳಿಯೇ 42-43 ಡಿಗ್ರಿ. ಮೇಲೆ ಈ ಧೂಳು. ಬಿಸಿ ಜಾಸ್ತಿಯಾದ್ರೆ ಎಂಜಿನ್ ಬಡಿಯಬಾರದು ಅಂತ ಕಂಪ್ಯೂಟರೇ ಶಕ್ತಿ ಇಳಿಸುತ್ತೆ. ಕಂಪನಿ ಇಟ್ಟ ಆ ಕಾವಲನ್ನೇ ಇವರು ಪ್ರೋಗ್ರಾಂ ಬದಲಿಸಿ ಸಡಿಲ ಮಾಡ್ತಾರೆ. ವಾರಂಟಿ ಹೋಯಿತು, ಪಿಸ್ಟನ್ ಹೋಗದೆ ಉಳಿದದ್ದು ಪುಣ್ಯ. ಹಗುರ ಒತ್ತಡದ ನೀರಲ್ಲಿ ತೊಳೆದೆ. ಜೋರಾಗಿ ಹೊಡೆದರೆ ಪಟ್ಟಿ ಮಡಚಿ ಹೋಗುತ್ತೆ. ಹಳೇ ಪ್ರೋಗ್ರಾಂ ವಾಪಸ್ ಹಾಕಿಸೋಕೆ ಹೇಳಿದೆ.

ರೇಸಿಂಗ್ ವಿಭಾಗದವರು ತಿಂಗಳುಗಟ್ಟಲೆ ಪರೀಕ್ಷೆ ಮಾಡಿ 350 ಕುದುರೆ ಶಕ್ತಿ ತೆಗೀತಾರೆ, ಅದೂ ಇಷ್ಟು ಕಿಲೋಮೀಟರ್ ಓಡಿದ ಮೇಲೆ ಎಂಜಿನ್ ಬಿಚ್ಚಬೇಕು ಅಂತ ಲೆಕ್ಕ ಇಟ್ಟುಕೊಂಡು. ಅರ್ಧ ಗಂಟೆಯಲ್ಲಿ ಲ್ಯಾಪ್‌ಟಾಪ್ ಹಚ್ಚಿ ಬರುವ ಕೆಲಸ ಅಲ್ಲ ಅದು.

ರಿಂಗ್ ರೋಡ್ (ಕಲಬುರಗಿ)

ಕಾಕಾ ಹೇಳಿದ್ದಕ್ಕೆ ನಾನೂ ಒಂದು ಸೇರಿಸ್ತೀನಿ. ನಮ್ಮ ಮನೆ ರಿಂಗ್ ರೋಡಿನ ಪಕ್ಕ. ರಾತ್ರಿ ಹನ್ನೊಂದರ ಮೇಲೆ ಕಾರು, ಬೈಕು ಬಿಡೋ ಹುಡುಗರ ಸದ್ದಿಗೆ ಮಕ್ಕಳು ಎದ್ದು ಕೂರ್ತಾರೆ. ಈ ಚರ್ಚೆ ಓದುವ ಹುಡುಗರಿಗೆ ಹೇಳೋದು: ಟ್ರ್ಯಾಕಿನಲ್ಲಿ ಕಾರಿಗೆ ಪಂಜರ ಇದೆ, ಮೈಗೆ ಬೆಂಕಿ ತಾಗದ ಬಟ್ಟೆ ಇದೆ, ತಿರುವಿನಲ್ಲಿ ಬಾವುಟ ಹಿಡಿದ ಮನುಷ್ಯ ಇದ್ದಾನೆ, ಆಂಬುಲೆನ್ಸ್ ಎಂಜಿನ್ ಚಾಲೂ ಇಟ್ಟು ನಿಂತಿದೆ. ರಿಂಗ್ ರೋಡಿನಲ್ಲಿ ಎದುರಿಗೆ ಬರೋದು ದೀಪ ಇಲ್ಲದ ಟ್ರ್ಯಾಕ್ಟರ್ ಟ್ರಾಲಿ. ದಯವಿಟ್ಟು ಬೇಡ.

ಭೀಮಾ ತೀರ (ಯಾದಗಿರಿ)

ಹೌದು ಅಕ್ಕಾ, ಖಂಡಿತ. ಆದರೆ ಟ್ರ್ಯಾಕ್ ಎಲ್ಲಿದೆ ನಮಗೆ? ಇಡೀ ಕಲ್ಯಾಣ ಕರ್ನಾಟಕದಲ್ಲಿ ಒಂದೂ ಕಾಣಲ್ಲ. ನಮ್ಮಂಥವರು ರೇಸಿಗೆ ಹೋಗಬೇಕಂದ್ರೆ ಎಲ್ಲಿಂದ ಶುರು ಮಾಡೋದು?

ಜೇವರ್ಗಿ ರೋಡ್ (ಕಲಬುರಗಿ)

ತಮ್ಮಾ, ಒಳ್ಳೆ ಪ್ರಶ್ನೆ. ನಮ್ಮ ದೇಶದಲ್ಲಿ ಕಾರ್ ರೇಸಿಗೆ ಲೈಸೆನ್ಸ್ ಕೊಡೋದು ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟ, ಎಫ್‌ಎಂಎಸ್‌ಸಿಐ ಅಂತಾರೆ. ಟ್ರ್ಯಾಕ್‌ಗಳು ಮುಖ್ಯವಾಗಿ ಮೂರು ಕಡೆ: ಚೆನ್ನೈ ಹತ್ತಿರ, ಕೊಯಮತ್ತೂರಿನಲ್ಲಿ, ದೆಹಲಿ ಪಕ್ಕದ ಗ್ರೇಟರ್ ನೋಯ್ಡಾದಲ್ಲಿ. ಕೆಲವು ಕಡೆ ತರಬೇತಿ ಶಾಲೆ ಇವೆ, ಅವರದೇ ಕಾರು ಕೊಟ್ಟು ಕಲಿಸುತ್ತಾರೆ. ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಇಂಡಿಯನ್ ಟೂರಿಂಗ್ ಕಾರ್ಸ್ ಅಂತಲೇ ಒಂದು ದರ್ಜೆ ಇದೆ.

ಕಾರ್ ಕಂಪನಿಯೊಂದರ ರೇಸಿಂಗ್ ವಿಭಾಗ ನಮ್ಮ ನೆಲದಲ್ಲೇ ಕೆಲಸ ಮಾಡಿದ್ದೂ ಇದೆ. ಫೋಕ್ಸ್‌ವ್ಯಾಗನ್ 2010ರಲ್ಲಿ ಪೋಲೊ ಕಪ್ ಶುರು ಮಾಡಿತು. ಎಲ್ಲರಿಗೂ ಒಂದೇ ತರಹದ ಪೋಲೊ, ಮೊದಲು ಡೀಸೆಲ್ ಎಂಜಿನ್. ಆಮೇಲೆ ಪೆಟ್ರೋಲ್ ಟರ್ಬೊ ಬಂತು. 2015ರಲ್ಲಿ ಅದರ ಜಾಗಕ್ಕೆ ವೆಂಟೊ ಕಪ್, 2017ರಲ್ಲಿ ಅಮಿಯೊ ಕಪ್. ಕಾರು ಕಂಪನಿಯದೇ, ರಿಪೇರಿ ಕಂಪನಿಯದೇ, ಹುಡುಗರು ಶುಲ್ಕ ಕಟ್ಟಿ ಹೆಲ್ಮೆಟ್ ತಗೊಂಡು ಹೋದರಾಯಿತು. ಇಂಥದ್ದು ಇನ್ನಷ್ಟು ಬೇಕು. ರೇಸ್ ಕಾರು ಮಾರಿ ಬೆನ್ನಿಗೆ ನಿಲ್ಲೋದು ಹ್ಯುಂಡೈ ಮೋಟಾರ್‌ಸ್ಪೋರ್ಟ್‌ಗೆ ಯುರೋಪಿನಲ್ಲಿ ಬರುತ್ತೆ ಅಂದ್ಮೇಲೆ ಇಲ್ಲಿ ಯಾಕೆ ಬರಬಾರದು?

ಒಂದು ವಿಷಯ ನೋಡಿ. ಚೆನ್ನೈ ಟ್ರ್ಯಾಕ್ ಇರೋದು ಇರುಂಗಾಟ್ಟುಕೋಟ್ಟೈನಲ್ಲಿ. ಹ್ಯುಂಡೈ ಫ್ಯಾಕ್ಟರಿ ಇರೋದೂ ಇರುಂಗಾಟ್ಟುಕೋಟ್ಟೈನಲ್ಲೇ. 1998ರಲ್ಲಿ ಸ್ಯಾಂಟ್ರೊ ಹೊರಬಂದದ್ದು ಅಲ್ಲಿಂದ, ಭೀಮಾ ತೀರ ಮಾವನ ಐ20 ಬಂದದ್ದೂ ಅಲ್ಲಿಂದ. ಟ್ರ್ಯಾಕ್ ಅದಕ್ಕೂ ಮೊದಲಿನದು, 1990ರದ್ದು. ಕಾರು ಹುಟ್ಟೋ ಜಾಗ, ರೇಸ್ ಓಡೋ ಜಾಗ ಎರಡೂ ಒಂದೇ ಊರು. ಅಲ್ಲಿ ಹುಡುಗರಿಗಾಗಿ ಐ20 ಕಪ್ ಒಂದು ನಡೆಸಿದರೆ ಲಾರಿ ಬಾಡಿಗೆಯೂ ಬೇಡ. ನನ್ನ ಆಸೆ ಇದು. ಕಂಪನಿಯವರು ಯಾರಾದ್ರೂ ಓದ್ತಿದ್ರೆ ಗಂಭೀರವಾಗಿ ತಗೊಳ್ಳಿ.

ತೊಗರಿ ನಾಡು (ಆಳಂದ)

ಅಣ್ಣಾ, ಈ ಕೊನೇ ಮಾತು ನನಗೂ ಹಿಡಿಸಿತು. ಜಾಹೀರಾತು ಅಂತ ನನ್ನ ಅಭಿಪ್ರಾಯ ಹಾಗೇ ಇದೆ. ಆದರೆ ಜಾಹೀರಾತಿನ ದುಡ್ಡಲ್ಲಿ ಯಾದಗಿರಿ ಹುಡುಗನೊಬ್ಬ ಟ್ರ್ಯಾಕಿಗೆ ಇಳಿಯೋ ಹಾಗಿದ್ರೆ ಮಾಡಲಿ. ಪತ್ರ ಬರೆಯೋದಾದ್ರೆ ನನ್ನ ಸಹಿ ಇದೆ.

ಕೋಟೆ ಬಾಗಿಲು (ಬೀದರ್)

ನನ್ನದೂ. ಅದಕ್ಕೂ ಮುಂಚೆ ಒಂದು ಸಲ ಎಲ್ಲರೂ ಹೋಗಿ ನೋಡಿ ಬರೋಣ. ಟಿವಿಯಲ್ಲಿ ಸದ್ದು, ಟೈರಿನ ವಾಸನೆ ಗೊತ್ತಾಗೋದಿಲ್ಲ. ಹೈದರಾಬಾದ್‌ನಲ್ಲಿ 2023ರ ಫೆಬ್ರವರಿಯಲ್ಲಿ ಫಾರ್ಮುಲಾ ಇ (ಎಲೆಕ್ಟ್ರಿಕ್ ಕಾರುಗಳ) ರೇಸ್ ಆಯಿತು, ಬೀದರಿನಿಂದ ಮೂರು ಗಂಟೆ ದಾರಿ, ಆದ್ರೂ ನಮ್ಮಲ್ಲಿ ಎಷ್ಟು ಜನ ಹೋದರು?

ಶಹಾಬಾದ್ ಕಲ್ಲು

ನಾನು ಬರ್ತೀನಿ, ಗೆಳತಿಯರನ್ನೂ ಕರ್ಕೊಂಡು. ಬಿಸಿಲು ಕಮ್ಮಿ ಇರೋ ತಿಂಗಳು ನೋಡಿ ಅಷ್ಟೇ.

ಜೇವರ್ಗಿ ರೋಡ್ (ಕಲಬುರಗಿ)

ಹಾಗಾದ್ರೆ ರೇಸಿನ ವೇಳಾಪಟ್ಟಿ ಬಂದ ಕೂಡಲೇ ಇಲ್ಲೇ ಹಾಕ್ತೀನಿ. ಮುಂಬೈ–ಚೆನ್ನೈ ರೈಲು ಕಲಬುರಗಿಗೂ ಬರುತ್ತೆ, ಯಾದಗಿರಿಗೂ ಬರುತ್ತೆ, ಶಹಾಬಾದಿನವರು ವಾಡಿಯಲ್ಲಿ ಹತ್ತಬಹುದು. ಬೀದರಿನವರು ಹೈದರಾಬಾದ್ ಮೇಲೆ ಬನ್ನಿ. ಚೆನ್ನೈ ಸೆಂಟ್ರಲ್‌ನಿಂದ ಬೆಂಗಳೂರು ಹೆದ್ದಾರಿಯಲ್ಲಿ ಸುಮಾರು 40 ಕಿಲೋಮೀಟರ್ ಹೋದರೆ ಟ್ರ್ಯಾಕ್. ಗ್ಯಾರೇಜ್ ಕಾಕಾ, ನೀವು ಬರಲೇಬೇಕು. ಪಿಟ್ ಹತ್ತಿರ ಬಿಟ್ಟರೆ ಅಲ್ಲಿನ ಇಂಟರ್‌ಕೂಲರ್ ಎಷ್ಟು ದೊಡ್ಡದು ಅಂತ ನೀವೇ ನೋಡಿ ಹೇಳಬೇಕು. ಬರೋರು ಊರು, ಎಷ್ಟು ಜನ ಅನ್ನೋದನ್ನ ಕೆಳಗೆ ಬರೀರಿ.

ಗ್ಯಾರೇಜ್ ಕಾಕಾ (ಕಲಬುರಗಿ)

ಕಲಬುರಗಿ, ಇಬ್ಬರು. ನಾನು, ನನ್ನ ಹತ್ತಿರ ಕೆಲಸ ಕಲಿಯೋ ಹುಡುಗ.

ಭೀಮಾ ತೀರ (ಯಾದಗಿರಿ)

ಯಾದಗಿರಿ, ಮೂರು ಜನ. ಮಾವನೂ ಬರ್ತಾರಂತೆ.